ಸಂಡೂರನ್ನು ಫೆಬ್ರವರಿಯಲ್ಲಿ ನೋಡಿ

ನವೆಂಬರ್ ಬಂತೆಂದರೆ ಸಾಕು, ಫೋನಿನ ತುಂಬ ಕಾಶ್ಮೀರದ ಚಿನಾರ್ ಮರಗಳು. ಕೆಂಪು, ಕಿತ್ತಳೆ, ಹಳದಿ. ಚೆನ್ನಾಗಿಯೇ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ಬಳ್ಳಾರಿಯಿಂದ ಶ್ರೀನಗರಕ್ಕೆ ಮನೆಮಂದಿಯೆಲ್ಲ ಹೋಗಿಬರೋ ಖರ್ಚಲ್ಲಿ ಒಂದು ಒಳ್ಳೆ ಲೆನ್ಸೇ ಬಂದುಬಿಡುತ್ತದೆ. ಅದೂ ಅಲ್ಲದೆ ನಮ್ಮ ಜಿಲ್ಲೆಯಲ್ಲೇ ಬೆಟ್ಟ ಇದೆ, ಕಾಡಿದೆ, ಎಲೆ ಉದುರಿಸುವ ಮರಗಳಿವೆ. ತಿಂಗಳು ಮಾತ್ರ ಬೇರೆ. ಅಲ್ಲಿ ದೀಪಾವಳಿ ಆಸುಪಾಸಿನಲ್ಲಿ ಆಗೋದು ಇಲ್ಲಿ ಸಂಕ್ರಾಂತಿ ಕಳೆದು, ಚಳಿ ಶಿವಶಿವಾ ಅಂತ ಓಡಿಹೋಗೋ ಹೊತ್ತಿಗೆ ಆಗುತ್ತದೆ.

ಸಂಡೂರು ಅಂದರೆ ಎಲ್ಲರೂ ಸೆಪ್ಟೆಂಬರ್ ಅನ್ನುತ್ತಾರೆ. ಗಾಂಧೀಜಿಯೇ ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಅಂದಿದ್ದರು ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರೋ ಮಾತು. ಆ ತಿಂಗಳಲ್ಲಿ ಬೆಟ್ಟದ ಮೇಲೆ ಮೋಡ, ಕೆಳಗೆ ಹಸಿರು, ರಸ್ತೆ ತುಂಬ ಬೈಕ್ ಹುಡುಗರು. ಫೆಬ್ರವರಿಯಲ್ಲಿ ಯಾರೂ ಇರಲ್ಲ. "ಏನಪ್ಪಾ, ಒಣಗಿದ ಎಲಿ ನೋಡಾಕ ಡೀಸೆಲ್ ಸುಡಬೇಕಾ?" ಅಂತ ನಮ್ಮ ಭಾವ ಕೇಳಿದರು. ಕೇಳಿದರೂ ಗಾಡಿ ತೆಗೆದರು. ಅವರ ಮಗಳು ಬಿಎಸ್ಸಿ ಓದುತ್ತಾಳೆ, ಸಸ್ಯಶಾಸ್ತ್ರ. ಅವಳೂ ಬರ್ತೀನಿ ಅಂದಳು. ಮೂವರೂ ಹೊರಟೆವು.

ಶುಕ್ರವಾರ

ಊರು ಬಿಡೋದು ಮಧ್ಯಾಹ್ನ ಮೂರಾಯಿತು. ಭಾವನ ಅಂಗಡಿ ಲೆಕ್ಕ ಮುಗೀಬೇಕಲ್ಲ.

ಕಂಟೋನ್ಮೆಂಟ್ ಕಡೆ ಒಂದು ಆಫೀಸಿನ ಕಾಂಪೌಂಡ್ ಪಕ್ಕ ಗಾಡಿ ನಿಲ್ಲಿಸಿದೆವು, ನೀರಿನ ಬಾಟಲಿ ತಗೊಳ್ಳೋಕೆ. ಅಲ್ಲೊಂದು ಬಾದಾಮಿ ಮರ. ತಿನ್ನೋ ಬಾದಾಮಿ ಅಲ್ಲ, ರಸ್ತೆಬದಿಯಲ್ಲಿ ಛತ್ರಿ ಹಿಡಿದಂಗೆ ಕೊಂಬೆ ಚಾಚಿ ನಿಲ್ಲುತ್ತಲ್ಲ, ಅದು. ಅದರ ಕೆಳಗೆ ನೆಲವೆಲ್ಲ ಕೆಂಪು. ಎಲೆ ಉದುರುವ ಮುಂಚೆ ಕಡುಕೆಂಪಾಗೋ ಮರಗಳು ನಮ್ಮ ಬಯಲು ಸೀಮೆಯಲ್ಲಿ ಕಡಿಮೆ, ಈ ಮರ ಅದರಲ್ಲೊಂದು. ಒಂದು ಎಲೆ ಎತ್ತಿಕೊಂಡೆ. ಅಂಗೈಗಿಂತ ದೊಡ್ಡದು. ನಡುವಿನ ನರ ಮತ್ತು ಅದರಿಂದ ಹೊರಟ ಸಣ್ಣ ನರಗಳು ಇನ್ನೂ ಹಳದಿ, ನರಗಳ ನಡುವಿನ ಜಾಗ ಕೆಂಪು, ತೊಟ್ಟಿನ ಹತ್ತಿರ ಮಾತ್ರ ಸ್ವಲ್ಪ ಹಸಿರು ಉಳಿದಿತ್ತು. ಬಿಸಿಲಿಗೆ ಹಿಡಿದರೆ ಹಿಂದಿನಿಂದ ದೀಪ ಹಚ್ಚಿದ ಹಾಗೆ. ಕಾಂಪೌಂಡ್ ಗುಡಿಸುತ್ತಿದ್ದ ಅಮ್ಮ ಪೊರಕೆ ನಿಲ್ಲಿಸಿ ನಮ್ಮನ್ನೇ ನೋಡಿದರು. ದಿನಾ ಎರಡು ಹೊತ್ತು ಗುಡಿಸೋ ಅವರಿಗೆ ಇದರಲ್ಲಿ ಏನು ಚಂದ ಕಂಡೀತು?

"ಮಾಮ, ಫೋಟೊ ಇಲ್ಲೇ ಆಯ್ತಲ್ಲ, ಮನೆಗೆ ಹೋಗೋಣ" ಅಂದಳು ಹುಡುಗಿ. ಅವಳ ಮಾತು ತಮಾಷೆಯಾದರೂ ಸುಳ್ಳೇನಲ್ಲ. ಆ ದಿನದ ಒಳ್ಳೆಯ ಕೆಂಪು ಅದೇ.

ಕುಡಿತಿನಿ, ತೋರಣಗಲ್ಲು. ಈ ದಾರಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಒಂದು ಕಡೆ ಕರೆಂಟು ತಯಾರಿಸೋ ಚಿಮಣಿ, ಇನ್ನೊಂದು ಕಡೆ ಉಕ್ಕಿನ ಕಾರ್ಖಾನೆ, ನಡುವೆ ಲಾರಿ. ಎರಡೂ ಬದಿ ಎರೆಹೊಲ. ಜೋಳ ಕೊಯ್ದು ದಂಟು ಕಟ್ಟಿ ಒಟ್ಟಿದ್ದರು. ಒಂದು ಹೊಲದಲ್ಲಿ ಮೆಣಸಿನಕಾಯಿ ಹರವಿದ್ದರು, ಒಂದು ತುದಿಯಲ್ಲಿ ಹಣ್ಣುಗೆಂಪು, ಇನ್ನೊಂದು ತುದಿಯಲ್ಲಿ ಒಣಗಿ ಸುಕ್ಕು ಬಿದ್ದ ಕಂದುಗೆಂಪು. ಗಾಡಿ ಕಿಟಕಿ ಇಳಿಸಿದ್ದೇ ತಡ ಮೂವರಿಗೂ ಕೆಮ್ಮು. ಮತ್ತೆ ಏರಿಸಿದೆವು.

ತೋರಣಗಲ್ಲಿನಲ್ಲಿ ಎಡಕ್ಕೆ ತಿರುಗಿದ ಮೇಲೆ ಬೆಟ್ಟ ಎದುರಿಗೆ ಬರುತ್ತದೆ. ಸಂಡೂರನ್ನು ನಕ್ಷೆಯಲ್ಲಿ ನೋಡಿದರೆ ಅರ್ಥವಾಗುತ್ತದೆ: ಎರಡು ಉದ್ದನೆಯ ಬೆಟ್ಟಸಾಲು, ನಡುವೆ ಕಣಿವೆ, ಕಣಿವೆಯಲ್ಲಿ ಊರು. ಕಣಿವೆಯ ನೀರೆಲ್ಲ ನಾರಿಹಳ್ಳ. ಆ ಹಳ್ಳ ಬೆಟ್ಟ ಸೀಳಿಕೊಂಡು ಹಾಯುವ ಕಿರಿದಾದ ಜಾಗಗಳಿಗೆ ಇಲ್ಲಿ ಗಂಡಿ ಅನ್ನುತ್ತಾರೆ, ಭೀಮಗಂಡಿ, ಉಬ್ಬಳಗಂಡಿ ಅಂತ. ತಾರಾನಗರದ ಹತ್ತಿರ ನಾರಿಹಳ್ಳಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ನಾವು ಅಲ್ಲಿಗೆ ಹೋದಾಗ ಸೂರ್ಯ ಬೆಟ್ಟದ ಹಿಂದೆ ಇಳಿಯೋಕೆ ಅರ್ಧ ಗಂಟೆ ಇತ್ತು.

ನೀರು ತಗ್ಗಿತ್ತು, ಆದರೂ ಕನ್ನಡಿ ಹಿಡಿಯುವಷ್ಟಿತ್ತು. ಎದುರು ಬೆಟ್ಟದ ಇಳಿಜಾರು ಪೂರ್ತಿ ಹಳದಿ ಮಿಶ್ರಿತ ಕಂದು, ಅಲ್ಲಲ್ಲಿ ಇನ್ನೂ ಎಲೆ ಉದುರಿಸದ ಹಸಿರು ಮರ, ಮೇಲೆ ಕಬ್ಬಿಣದ ಬಂಡೆಯ ಕಪ್ಪು ಅಂಚು. ಮಳೆಗಾಲದಲ್ಲಿ ಇದೇ ಜಾಗ ಒಂದೇ ಹಸಿರು ಬಳಿದಂತೆ ಇರುತ್ತದೆ, ಒಂದು ಮರಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಲ್ಲ. ಈಗ ಒಂದೊಂದು ಮರ ಒಂದೊಂದು ಬಣ್ಣ. ಯಾವುದು ಎಲ್ಲಿದೆ ಅಂತ ದೂರದಿಂದಲೇ ಎಣಿಸಬಹುದು. ಫೆಬ್ರವರಿಯೇ ಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ರಾತ್ರಿ ಸಂಡೂರಿನಲ್ಲೇ ಒಂದು ಲಾಡ್ಜ್. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಭಾವ ಮಾತಾಡದೆ ಊಟ ಮಾಡಿದರು ಅಂದರೆ ಊಟ ಚೆನ್ನಾಗಿತ್ತು ಅಂತ.

ಶನಿವಾರ

ರಾಮಗಡಕ್ಕೆ ಬೆಳಿಗ್ಗೆಯೇ ಹೋಗಬೇಕು. ಯಾಕಂದರೆ ಅದು ಪಡುವಣ ಸಾಲಿನ ಬೆಟ್ಟ. ಅದರ ಮೂಡಣ ಮುಖಕ್ಕೆ ಮೊದಲ ಬಿಸಿಲು ನೇರವಾಗಿ ಬೀಳುತ್ತದೆ, ಹನ್ನೊಂದರ ಮೇಲೆ ಬಣ್ಣವೆಲ್ಲ ಸಪ್ಪೆ. ಈ ತಿಂಗಳಲ್ಲಿ ಇಲ್ಲಿ ಸೂರ್ಯ ಹುಟ್ಟೋದು 6.45ರ ಸುಮಾರಿಗೆ. ಐದೂವರೆಗೆ ಎದ್ದು ಹೊರಟೆವು, ಹುಡುಗಿ ಹಿಂದಿನ ಸೀಟಲ್ಲಿ ಮತ್ತೆ ಮಲಗಿದಳು.

ಕತ್ತಲೆಯಲ್ಲೇ ಅದಿರಿನ ಟಿಪ್ಪರ್‌ಗಳು ಓಡಾಡುತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಈ ರಸ್ತೆಗಳೆಲ್ಲ ಸುಮ್ನೆ ಬಿದ್ದಿದ್ದವು. ಆಮೇಲೆ ಇಷ್ಟೇ ತೆಗೀಬೇಕು ಅಂತ ಮಿತಿ ಹಾಕಿ ಮತ್ತೆ ಬಿಟ್ಟರು. ಮೊದಲಿನಷ್ಟು ಇಲ್ಲ ಅಂತಾರೆ, ಆದರೆ ಟಿಪ್ಪರ್ ಹಿಂದೆ ಸಿಕ್ಕಿಹಾಕಿಕೊಂಡವನಿಗೆ ಒಂದು ಟಿಪ್ಪರೇ ಸಾಕು. ಮುಂದಿನ ಗಾಜು ಕೆಂಪು, ವೈಪರ್ ಹಾಕಿದರೆ ಇನ್ನೂ ಕೆಂಪು. ಒಂದು ತಿರುವಿನಲ್ಲಿ ಎದುರಿನಿಂದ ಸಾಲಾಗಿ ಬಂದವು, ನಾವು ಅಂಚಿಗೆ ನಿಂತು ಎಲ್ಲಾ ಹೋಗೋವರೆಗೂ ಕಾದೆವು. ಭಾವ ಸ್ಟೇರಿಂಗ್ ಮೇಲೆ ಬೆರಳು ಕುಟ್ಟುತ್ತಾ ಕೂತಿದ್ದರು, ಒಂದು ಮಾತಾಡಲಿಲ್ಲ.

ಬೆಳಕು ಹರಿದಾಗ ರಸ್ತೆ ಪಕ್ಕದ ಪೊದೆಗಳೆಲ್ಲ ಇಟ್ಟಿಗೆ ಬಣ್ಣ. ಹುಡುಗಿ ಎದ್ದು, "ಅಬ್ಬಾ, ಇಷ್ಟು ಕೆಂಪಾ!" ಅಂತ ಇಳಿದಳು. ಅದು ಬಂದರಿಕೆ ಗಿಡ. ಬೆಟ್ಟದ ಕುರುಚಲಲ್ಲಿ ವರ್ಷವಿಡೀ ಹಸಿರಾಗಿರೋ ಗಿಡ, ಎಲೆ ಉದುರಿಸೋ ಜಾತಿಯೇ ಅಲ್ಲ. ಅದರ ಎಲೆ ಮುಟ್ಟಿದರೆ ಅಂಟಂಟು, ಹಾಗಾಗಿ ಬಂದ ಧೂಳೆಲ್ಲ ಅಲ್ಲೇ ಕೂರುತ್ತದೆ. ಅವಳು ಹೆಬ್ಬೆರಳಿನಿಂದ ಒಂದು ಎಲೆ ಉಜ್ಜಿದಳು. ಉಜ್ಜಿದಷ್ಟು ಜಾಗ ಹೊಳೆಯೋ ಹಸಿರು, ಸುತ್ತ ಕೆಂಪು, ಬೆರಳ ತುದಿ ಕುಂಕುಮ. ನಾನು ಅದರ ಫೋಟೊ ತೆಗೆದೆ. ಈ ಪ್ರವಾಸದಲ್ಲಿ ಜನ ಜಾಸ್ತಿ ಕೇಳೋ ಫೋಟೊ ಅದೇ ಆಗಿದೆ, ನನಗೆ ಅದೇನೂ ಖುಷಿ ಕೊಡೋ ವಿಷಯ ಅಲ್ಲ.

ಇನ್ನೊಂದು ಮಾತು. ಇಲ್ಲಿನ ಅದಿರಿನ ಕಲ್ಲು ನೋಡೋಕೆ ಕೆಂಪಲ್ಲ, ಉಕ್ಕಿನಂಥ ಬೂದುಗಪ್ಪು. ಪುಡಿಯಾದಾಗಲೇ ಅದು ಕೆಂಪಾಗಿ ಕಾಣೋದು. ಒಂದು ಚೂರನ್ನು ಇನ್ನೊಂದು ಕಲ್ಲಿಗೆ ಗೀಚಿ ನೋಡಿ, ಕೆಂಪು ಗೆರೆ ಬೀಳುತ್ತದೆ.

ಮೇಲೆ ಹೋದಂತೆ ಧೂಳು ಕಡಿಮೆ ಆಯಿತು. ರಾಮಗಡ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಮೇಲೆ ಸಮತಟ್ಟು. 19ನೇ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಸಿಪಾಯಿಗಳು ಕಾಯಿಲೆ ಬಿದ್ದರೆ ಚೇತರಿಸಿಕೊಳ್ಳಲಿ ಅಂತ ಇಲ್ಲಿ ಬಿಡಾರ ಮಾಡಿದ್ದರು. ಬಳ್ಳಾರಿ ಬಿಸಿಲು ಅವರಿಗೂ ಬಿಟ್ಟಿಲ್ಲ ನೋಡಿ. ಅವರ ಕಟ್ಟಡಗಳು ಈಗ ಗೋಡೆ ಮಾತ್ರ. ಒಂದು ಗೋಡೆಯ ಕಿಟಕಿಯಲ್ಲಿ ಆಲದ ಜಾತಿಯ ಮರವೊಂದು ಬೇರು ಇಳಿಬಿಟ್ಟಿದೆ. ಎಲ್ಲರೂ ಅದನ್ನೇ ತೆಗೀತಾರೆ. ನಾನೂ ತೆಗೆದೆ, ಇಲ್ಲಿ ಹಾಕಿಲ್ಲ.

ನಾನು ಬಂದದ್ದು ದಿಂಡಿಗದ ಮರಕ್ಕೆ. ಬೆಳ್ಳಗಿನ ನುಣುಪು ಕಾಂಡ, ಸಣ್ಣ ಎಲೆ, ಕೊಂಬೆ ಕೆಳಕ್ಕೆ ಬಾಗಿರುತ್ತದೆ. ಉದುರುವ ಮುಂಚೆ ಇದರ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಎಲ್ಲಾ ಒಟ್ಟಿಗಲ್ಲ. ಬಂಡೆ ಮೇಲೆ, ಮಣ್ಣು ತೆಳ್ಳಗಿರೋ ಕಡೆ ನಿಂತ ಮರ ಆಗಲೇ ಬೋಳಾಗಿತ್ತು. ಅದರ ಕೆಳಗೆ ಇಳಿಜಾರಲ್ಲಿದ್ದದ್ದು ತಾಮ್ರ. ಹಳ್ಳದ ಹತ್ತಿರದ್ದು ಇನ್ನೂ ಹಸಿರು, ತುದಿ ಮಾತ್ರ ಹಳದಿ. ಒಂದೇ ಜಾತಿ ಮರ, ಇಪ್ಪತ್ತು ಹೆಜ್ಜೆಯೊಳಗೆ ಮೂರು ತಿಂಗಳು ನೋಡಿದಂತಾಯಿತು.

ಹುಡುಗಿ ಅಲ್ಲೇ ಬಂಡೆ ಮೇಲೆ ಕೂತು ಪಾಠ ಮಾಡಿದಳು, ನನಗೂ ಅವರಪ್ಪನಿಗೂ. ತಂಪು ದೇಶಗಳಲ್ಲಿ ಹಗಲು ಚಿಕ್ಕದಾಗಿ ಚಳಿ ಬೀಳೋದು ಮರಕ್ಕೆ ಸೂಚನೆ. ನಮ್ಮಲ್ಲಿ ಮುಖ್ಯ ಕಾರಣ ನೀರು. ಮಣ್ಣು ಒಣಗಿದ ಮೇಲೆ ಎಲೆ ಇಟ್ಟುಕೊಂಡರೆ ಇರೋ ನೀರೂ ಆವಿಯಾಗಿ ಹೋಗುತ್ತದೆ. ಅದಕ್ಕೆ ಮರ ಎಲೆಯಲ್ಲಿರೋ ಹಸಿರನ್ನು ಒಡೆದು, ಅದರಿಂದ ಬೇಕಾದ್ದನ್ನು, ಮುಖ್ಯವಾಗಿ ಸಾರಜನಕವನ್ನು, ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಮೊದಲೇ ಒಳಗಿದ್ದ ಹಳದಿ ಕಾಣುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ಎಲೆ ಬಿಟ್ಟುಕೊಳ್ಳುತ್ತದೆ.

"ಅಂದ್ರ ಮರ ಅಂಗಡಿ ಖಾಲಿ ಮಾಡೋ ಮುಂಚೆ ಸಾಮಾನು ಸಾಗಿಸ್ತೈತಿ ಅನ್ನು" ಅಂದರು ಭಾವ. ಅವರಿಗೆ ಪಾಠ ಚೆನ್ನಾಗಿಯೇ ಹತ್ತಿತ್ತು.

ಕ್ಯಾಮೆರಾ ವಿಷಯ ಇಷ್ಟವಿಲ್ಲದವರು ಈ ಒಂದು ಪ್ಯಾರಾ ಬಿಟ್ಟುಬಿಡಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿಟ್ಟರೆ ಕ್ಯಾಮೆರಾ ಈ ತಾಮ್ರದ ಬಣ್ಣವನ್ನು ತಪ್ಪು ಅಂತ ತಿಳಿದು ತಣ್ಣಗೆ ಮಾಡಿಬಿಡುತ್ತದೆ. ಡೇಲೈಟ್‌ಗೆ ಹಾಕಿ, ಅಲ್ಲೇ ಬಿಡಿ. ಪೋಲರೈಸರ್ ಇದ್ದರೆ ಎಲೆ ಮೇಲಿನ ಹೊಳಪು ಹೋಗಿ ಬಣ್ಣ ಮೇಲೆ ಬರುತ್ತದೆ. ಸೂರ್ಯ ಎಲೆಯ ಹಿಂದೆ ಇರಲಿ, ನೀವು ನೆರಳಲ್ಲಿ ನಿಲ್ಲಿ. ಮುತ್ತುಗದ ಹೂವು ತೆಗೆಯೋವಾಗ ಮಾತ್ರ ಹುಷಾರು. ಅದರ ಕಿತ್ತಳೆಗೆಂಪು ಎಷ್ಟು ಗಾಢ ಅಂದರೆ ಚಿತ್ರ ಸರಿಯಾಗಿ ಬಂತು ಅಂತ ಕಂಡರೂ ಕೆಂಪು ಚಾನೆಲ್ ಒಂದೇ ಉಕ್ಕಿ, ಎಸಳಿನ ಮೇಲಿನ ಮಡಿಕೆ, ರೋಮ ಎಲ್ಲಾ ಮಾಯ ಆಗಿರುತ್ತದೆ. ಒಂದು ಸ್ಟಾಪ್ ಕಡಿಮೆ ಮಾಡಿ ತೆಗೀರಿ. ಲೆನ್ಸ್ ಬದಲಿಸೋದಾದರೆ ಗಾಡಿಯೊಳಗೆ, ಕಿಟಕಿ ಮುಚ್ಚಿ.

ಮುತ್ತುಗ ಅಂದೆನಲ್ಲ. ಇಳಿಯೋ ದಾರಿಯಲ್ಲಿ ಸಿಕ್ಕಿತು. ಒಂದು ಎಲೆ ಇಲ್ಲ, ಕಪ್ಪು ಮೊಗ್ಗಿನ ತೊಟ್ಟುಗಳ ತುದಿಯಲ್ಲಿ ಹೂವು, ಹೂವಿನ ಮೇಲೆ ಗೊರವಂಕ ಮತ್ತು ಇಣಚಿ ಜಗಳ. ಅದರಿಂದ ಸ್ವಲ್ಪ ದೂರ ಬಂಡೆ ಸಂದಿಯಲ್ಲಿ ಅರಿಶಿನ ಬೂರುಗ, ಅದೂ ಬೋಳು, ಅದರ ತುದಿಗೆ ಅಂಗೈಯಗಲ ಹಳದಿ ಹೂವು. ಎಲೆ ನೋಡೋಕೆ ಬಂದವರಿಗೆ ಹೂವೇ ಜಾಸ್ತಿ ಹೊತ್ತು ಹಿಡಿಯಿತು.

ಅಲ್ಲೇ ಅರಣ್ಯ ಇಲಾಖೆಯ ಬೆಂಕಿ ಕಾವಲಿನವರು ಸಿಕ್ಕರು. ಗಾಡಿ ನಿಲ್ಲಿಸಿ ಮೊದಲು ಕೇಳಿದ್ದು, "ಬೀಡಿ ಸಿಗರೇಟು ಸೇದೋರು ಅದೀರೇನ್ರಿ?" ಇಲ್ಲ ಅಂದೆವು. ದಾರಿ ಬದಿಯ ಹುಲ್ಲನ್ನು ಪಟ್ಟೆ ಪಟ್ಟೆಯಾಗಿ ಮುಂಚೆಯೇ ಸುಟ್ಟು ಬೆಂಕಿ ರೇಖೆ ಮಾಡಿದ್ದರು. ಆಳೆತ್ತರದ ಹುಲ್ಲು ಒಣಗಿ ನಿಂತಿದೆ, ಕೆಳಗೆ ಮೊಣಕಾಲುದ್ದ ಎಲೆ, ಒಂದು ಕಡ್ಡಿ ಗೀಚಿದರೆ ಗುಡ್ಡವೇ ಹೋಗುತ್ತದೆ. "ಮಳಿಗಾಲದಾಗ ಬರ್ರೀ ಸಾರ್, ಆವಾಗ ನಮಗೂ ಕೆಲಸ ಕಮ್ಮಿ, ನಿಮಗೂ ಹಸಿರು" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ನಾಲ್ಕು ಗಂಟೆ ಒಳಗೆ ಇಳಿದುಬಿಡಿ, ಕರಡಿ ಅದಾವೆ ಅಂತಲೂ ಹೇಳಿದರು. ಇಳಿದೆವು.

ಸಂಜೆ ಏನೂ ಇಲ್ಲ. ನಿದ್ದೆ.

ಭಾನುವಾರ

ಬೆಳಿಗ್ಗೆ ಒಗ್ಗಾಣಿ, ಮಿರ್ಚಿ. ಇದನ್ನು ತಿನ್ನದೆ ಯಾವ ಬೆಟ್ಟವೂ ಹತ್ತಬಾರದು ಅನ್ನೋದು ಭಾವನ ನಿಯಮ. ಮಿರ್ಚಿಯ ಎಣ್ಣೆ ಕ್ಯಾಮೆರಾಗೆ ಅಂಟಬಾರದು ಅನ್ನೋದು ನನ್ನದು.

ಕುಮಾರಸ್ವಾಮಿ ಬೆಟ್ಟದ ದಾರಿ ರಾಮಗಡದ್ದಕ್ಕಿಂತ ಚೆನ್ನಾಗಿದೆ. ತಿರುವುಗಳಲ್ಲಿ ತೇಗದ ಮರ ಬೋಳಾಗಿ, ಕೆಳಗೆ ಮೊರದಗಲ ಎಲೆ ಬಿದ್ದಿದ್ದವು. ತೇಗದ ಎಲೆಗೆ ಬಣ್ಣ ಅಂತ ಏನಿಲ್ಲ, ಕಂದು ಅಷ್ಟೇ, ಸದ್ದು ಮಾತ್ರ ಚೆನ್ನಾಗಿರುತ್ತದೆ. ಹುಡುಗಿ ಒಂದು ಎಲೆ ಎತ್ತಿ ತೋರಿಸಿದಳು. ಗೆದ್ದಲೋ ಹುಳವೋ ತಿಂದು ಬರೀ ನರದ ಬಲೆ ಉಳಿದಿತ್ತು. ಬಲೆಯ ಒಂದೊಂದು ಕಣ್ಣಿನೊಳಗೂ ಇನ್ನೂ ಸಣ್ಣ ಬಲೆ. ಬಿಳಿ ಹಾಳೆ ಮೇಲಿಟ್ಟು ಮ್ಯಾಕ್ರೊದಲ್ಲಿ ತೆಗೆದೆ.

ಮೇಲೆ ಪಾರ್ವತಿ ದೇವಸ್ಥಾನ ಮತ್ತು ಕುಮಾರಸ್ವಾಮಿ ದೇವಸ್ಥಾನ. ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ತಾರಕಾಸುರನನ್ನು ಕೊಂದ ಮೇಲೆ ಕುಮಾರಸ್ವಾಮಿ ಇಲ್ಲಿ ನೆಲೆಸಿದ ಅನ್ನೋದು ಕತೆ. ಸುತ್ತ ಗಣಿ, ಆದರೂ ಗುಡಿಯ ಹತ್ತಿರ ಮರಗಳು ದೊಡ್ಡವಾಗಿ ಉಳಿದಿವೆ. ಹತ್ತಿರದಲ್ಲೊಂದು ಅರಳಿಮರ. ಅದರ ಅರ್ಧ ಭಾಗ ಹಳದಿ ಎಲೆ ಉದುರಿಸುತ್ತಿತ್ತು, ಇನ್ನರ್ಧ ಆಗಲೇ ಚಿಗುರಿತ್ತು. ಚಿಗುರು ಹಸಿರಲ್ಲ, ತೆಳು ತಾಮ್ರ, ಬಿಸಿಲು ಒಳಗಿಂದ ಹಾಯುವಷ್ಟು ತೆಳ್ಳಗೆ. ಗಾಳಿ ಬಂದಾಗ ಹಳೇ ಎಲೆ ಪಟಪಟ ಅನ್ನುತ್ತಿತ್ತು, ಹೊಸದು ಸದ್ದೇ ಮಾಡುತ್ತಿರಲಿಲ್ಲ.

ನಮ್ಮ ಕಾಡಿಗೂ ಆ ಚಿನಾರ್ ಕಾಡಿಗೂ ಇರೋ ದೊಡ್ಡ ವ್ಯತ್ಯಾಸ ಇಲ್ಲೇ ಇದೆ ಅನಿಸಿತು. ಅಲ್ಲಿ ಕೆಂಪಾಗೋದು ಹೋಗುವ ಎಲೆ. ಇಲ್ಲಿ ಹೋಗುವ ಎಲೆ ಹೆಚ್ಚಾಗಿ ಹಳದಿ, ಕಂದು. ಕೆಂಪಾಗಿರೋದು ಬರುವ ಎಲೆ. ಅರಳಿ, ಇಪ್ಪೆ, ಮಾವು, ಕಮರ, ಎಲ್ಲದರ ಚಿಗುರೂ ಮೊದಲು ಕೆಂಪು ಛಾಯೆಯಲ್ಲೇ ಬರುತ್ತದೆ. ಎಳೆ ಎಲೆಯಲ್ಲಿ ಹಸಿರು ಇನ್ನೂ ತುಂಬಿರಲ್ಲ, ಆ ಕೆಂಪು ಬಣ್ಣವೇ ಅದನ್ನು ಬಿಸಿಲಿನಿಂದ ಕಾಯುತ್ತದೆ, ಹುಳಗಳನ್ನೂ ದೂರ ಇಡುತ್ತದೆ ಅಂತ ಹುಡುಗಿ ಹೇಳಿದಳು. ಇನ್ನೂ ಆಶ್ಚರ್ಯ ಏನಂದರೆ ಬಹಳಷ್ಟು ಮರಗಳು ಮಳೆಗೆ ಕಾಯಲ್ಲ. ಮಳೆಗೆ ಇನ್ನೂ ತಿಂಗಳುಗಟ್ಟಲೆ ಇರುವಾಗಲೇ, ನಲವತ್ತು ಡಿಗ್ರಿ ಸುಡುವಾಗಲೇ ಚಿಗುರಿಬಿಡುತ್ತವೆ. ಬೇರು ಆಳಕ್ಕೆ ಹೋಗಿರುತ್ತದಲ್ಲ, ಅಲ್ಲಿ ಉಳಿಸಿಟ್ಟ ನೀರು ಈಗ ಉಪಯೋಗಕ್ಕೆ ಬರುತ್ತದೆ. ಯುಗಾದಿಗೆ ಹೊಸ ಎಲೆ ಸಿಗೋದು ಹೀಗೆ.

ಕಟ್ಟಿಗೆ ಹೊರೆ ಹೊತ್ತ ಲಂಬಾಣಿ ಅಜ್ಜಿಯೊಬ್ಬರು ಮರದ ನೆರಳಿಗೆ ಬಂದು ಕೂತರು. ಹೊರೆ ಇಳಿಸೋಕೆ ಭಾವ ಕೈ ಕೊಟ್ಟರು. "ಏನ್ ಫೋಟೊ ತಗೀತಿಯಪ್ಪಾ?" ಅಂತ ನನ್ನ ಕೇಳಿದರು. ಎಲೆ ಅಂದೆ. ಕ್ಯಾಮೆರಾ ಪರದೆಯಲ್ಲಿ ತೋರಿಸಿದೆ. ದಿಂಡಿಗದ ಫೋಟೊ ಬಂದಾಗ ಕೈ ಹಿಡಿದು ನಿಲ್ಲಿಸಿದರು. "ಇದರ ಕಟಿಗಿ ಭಾಳ ಗಟ್ಟಿ. ಗಾಡಿ ಅಚ್ಚಿಗೆ ಹಾಕ್ತಿದ್ರು. ಅಂಟೂ ಬರ್ತೈತಿ" ಅಂದರು. ಮುತ್ತುಗ ಬಂದಾಗ, ಈಗ ಇದರಾಗ ಎಲಿ ಇಲ್ಲ, ಎಲಿ ಬಂದ ಮ್ಯಾಲ ಪತ್ರಾಳಿ ಹಚ್ತೀವಿ ಅಂದರು. ಬಂದರಿಕೆಯ ಧೂಳಿನ ಫೋಟೊಗೆ ಏನೂ ಅನ್ನಲಿಲ್ಲ, ಮುಂದಿನದು ತೋರಿಸು ಅಂತ ಕೈಸನ್ನೆ ಮಾಡಿದರು. ನಾನು ಬಣ್ಣ ನೋಡಿ ತೆಗೆದ ಒಂದೊಂದು ಮರಕ್ಕೂ ಅವರ ಹತ್ತಿರ ಒಂದೊಂದು ಕೆಲಸ ಇತ್ತು. ಹುಡುಗಿ ತನ್ನ ನೋಟ್‌ಬುಕ್ ತೆಗೆದು ಅವರ ಪಕ್ಕ ಕೂತುಬಿಟ್ಟಳು. ನಾನು ಹೇಳಿದ್ದು ಒಂದೂ ಬರೆದುಕೊಂಡಿರಲಿಲ್ಲ ಆ ಹುಡುಗಿ.

ಹನ್ನೆರಡಕ್ಕೆ ಇಳಿಯೋಕೆ ಶುರು ಮಾಡಿದೆವು. ದೋಣಿಮಲೈ ಕಡೆಯಿಂದ ಸುತ್ತು ಹಾಕಿ ಬಂದೆವು, ಅಲ್ಲಿ ಫೋಟೊಗೆ ನಿಲ್ಲಲಿಲ್ಲ. ಬಿಸಿಲು ನೆತ್ತಿಗೆ ಬಂದ ಮೇಲೆ ಬೆಟ್ಟ ಬೂದು ಹೊದ್ದು ಮಲಗುತ್ತದೆ, ಕ್ಯಾಮೆರಾ ಚೀಲದಲ್ಲಿರೋದೇ ಒಳ್ಳೇದು.

ಮುಂದಿನ ಸಲ ಯುಗಾದಿಗೆ ಒಂದು ವಾರ ಮುಂಚೆ ಹೋಗೋದು ಅಂತ ದಾರಿಯಲ್ಲೇ ತೀರ್ಮಾನ ಆಯಿತು, ಇಪ್ಪೆಯ ಚಿಗುರಿಗೆ. ಹೋಗೋರಿಗೆ ಹೇಳೋದಿಷ್ಟು: ಫೆಬ್ರವರಿ ನಡುವಿನಿಂದ ಕೊನೆಯ ತನಕ ಹಳದಿ, ತಾಮ್ರ, ಮುತ್ತುಗ ಸಿಗುತ್ತವೆ. ಮಾರ್ಚ್‌ನಲ್ಲಿ ಕೆಂಪು ಚಿಗುರು. ಕಾಡಿನೊಳಗೆ ಇಳಿಯೋ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ, ಗಣಿ ಗುತ್ತಿಗೆಯ ಜಾಗಕ್ಕೆ ಕಾಲಿಡಬೇಡಿ, ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ. ನೀರು ಜಾಸ್ತಿ ಇಟ್ಟುಕೊಳ್ಳಿ, ಮೇಲೆ ಏನೂ ಸಿಗಲ್ಲ. ಬಿಳಿ ಬಟ್ಟೆ ಹಾಕಬೇಡಿ. ನಮ್ಮ ಭಾವ ಹಾಕಿದ್ದರು, ಅಕ್ಕ ಅದನ್ನು ಇನ್ನೂ ನೆನೆಸಿಟ್ಟಿದ್ದಾಳೆ.